ಸೂಪರ್ ಅಂದವರು ಹದಿನೆಂಟು ಜನ

ಜಾದವ್‌ಪುರ ರೈಲು ನಿಲ್ದಾಣದ ಫಲಕದಲ್ಲಿ ಊರಿನ ಹೆಸರು ಮೂರು ಲಿಪಿಗಳಲ್ಲಿದೆ. ಇಲ್ಲಿಗೆ ಬಂದ ಹೊಸತರಲ್ಲಿ ನಾನು ಇಂಗ್ಲಿಷ್ ಓದಿ, ಹಿಂದಿ ಓದಿ, ಮೂರನೆಯದನ್ನು ಚಿತ್ರ ನೋಡುವ ಹಾಗೆ ನೋಡಿ ಮುಂದೆ ಹೋಗುತ್ತಿದ್ದೆ. ಎಂಟು-ಬಿ ಬಸ್ ನಿಲ್ದಾಣದಲ್ಲಿ ಆ ಅನುಕೂಲವೂ ಕಡಿಮೆ. ಎಷ್ಟೋ ಬಸ್ಸುಗಳ ಮೈಮೇಲೆ ಬರೆದದ್ದೆಲ್ಲ ಬಂಗಾಳಿ. ಬಾಗಿಲಿಗೆ ಜೋತುಬಿದ್ದ ಕಂಡಕ್ಟರ್ ಕೂಗುವ ಊರುಗಳ ಪಟ್ಟಿ ನನ್ನ ಕಿವಿಗೆ ಒಂದೇ ಉದ್ದನೆಯ ಪದ. ಎಂ.ಟೆಕ್ ಮಾಡಿಕೊಂಡು, ಮೂವತ್ತು ದಾಟಿದ ಮೇಲೆ ಅನಕ್ಷರಸ್ಥನಾಗುವುದು ಹೇಗಿರುತ್ತದೆ ಎಂದು ಪರವೂರಿನಲ್ಲಿರುವ ನಿಮಗೆ ಬೇರೆ ಹೇಳಬೇಕಾಗಿಲ್ಲ.

2023ರ ದುರ್ಗಾಪೂಜೆಯ ರಜೆ. ಇಡೀ ಊರು ಪೆಂಡಾಲ್ ನೋಡಲು ಬೀದಿಗಿಳಿದಿತ್ತು. ನಾನು ಮನೆಯಲ್ಲಿ ಕೂತು ಒಂದು ಸಣ್ಣ ಪ್ರೋಗ್ರಾಂ ಬರೆದೆ. ಕೆಲಸ ಇಷ್ಟೇ: ಬಂಗಾಳಿ ಲಿಪಿಯಲ್ಲಿರುವುದನ್ನು ಕನ್ನಡ ಲಿಪಿಯಲ್ಲಿ ತೋರಿಸುವುದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಂದೇಶವಾದರೆ ನಕಲಿಸಿ ಅಂಟಿಸಬಹುದು. ಬೋರ್ಡಿನಲ್ಲಿ ಕಂಡದ್ದಾದರೆ, ಕನ್ನಡ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿದ ಬಂಗಾಳಿ ಅಕ್ಷರಗಳಲ್ಲಿ ಅದೇ ಆಕಾರವನ್ನು ಹುಡುಕಿ ಒತ್ತಬಹುದು.

‘ಗೂಗಲ್ ಲೆನ್ಸ್ ಇದೆಯಲ್ಲ ಮಾರಾಯ’ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಅದನ್ನೇ ಕೇಳಿದಳು. ಅದು ಅರ್ಥ ಹೇಳುತ್ತದೆ, ಸರಿ. ನನಗೆ ಬೇಕಾಗಿದ್ದದ್ದು ಓದುವುದು. ಕನ್ನಡಿಗರಿಗೆ ಬಂಗಾಳಿಯಲ್ಲಿ ಅರ್ಧಕ್ಕರ್ಧ ಸಂಸ್ಕೃತದ ಪದಗಳ ಆಸರೆ ಇದೆ. ಅಕ್ಷರ ಒಮ್ಮೆ ಬಾಯಿಗೆ ಬಂದರೆ ಅರ್ಥ ತಾನಾಗಿ ಹಿಂದೆ ಬರುತ್ತದೆ.

ಇದನ್ನು ಬರೆಯುವುದು ನಾನು ಅಂದುಕೊಂಡದ್ದಕ್ಕಿಂತ ಸುಲಭವಾಯಿತು. ಕಂಪ್ಯೂಟರಿನೊಳಗೆ ಪ್ರತಿ ಅಕ್ಷರವೂ ಒಂದು ಸಂಖ್ಯೆ. ಯೂನಿಕೋಡ್‌ನಲ್ಲಿ ಬಂಗಾಳಿಯ ‘ಕ’ 2453, ಕನ್ನಡದ ‘ಕ’ 3221. ವ್ಯತ್ಯಾಸ 768. ‘ಗ’ ತೆಗೆದುಕೊಳ್ಳಿ, ‘ಮ’ ತೆಗೆದುಕೊಳ್ಳಿ, ಅದೇ 768. ಭಾರತದ ಲಿಪಿಗಳಿಗೆಲ್ಲ ಒಂದೇ ಚೌಕಟ್ಟು ಹಾಕಿದ ಇಸ್ಕಿ ಎಂಬ ಮಾನಕ 1988ರಲ್ಲೇ ಇತ್ತು. ಯೂನಿಕೋಡ್ ಆ ಜೋಡಣೆಯನ್ನೇ ಎತ್ತಿಕೊಂಡಿತು. ಹಾಗಾಗಿ ಬಂಗಾಳಿ ಸಂಖ್ಯೆಗೆ 768 ಕೂಡಿಸಿದರೆ ಕನ್ನಡ ಅಕ್ಷರ ಸಿಗುತ್ತದೆ. ಒಂದು ಕೂಡುವ ಲೆಕ್ಕ. ಕೋಡ್ ನಲವತ್ತು ಸಾಲು ದಾಟಲಿಲ್ಲ. ನಾನು ಬೀಗುತ್ತಾ ನಿಲ್ದಾಣದ ಫಲಕವನ್ನು ಅದಕ್ಕೆ ತಿನ್ನಿಸಿದೆ. ಉತ್ತರ ಬಂತು: ಯಾದಬಪುರ.

ಅಕ್ಷರಕ್ಕೆ ಅಕ್ಷರ ಸರಿ. ಆದರೆ ಈ ಊರಲ್ಲಿ ಯಾರೂ ಯಾದಬಪುರ ಎನ್ನುವುದಿಲ್ಲ. ಜಾದೊಬ್‌ಪುರ್ ಎನ್ನುತ್ತಾರೆ. ‘ಇರಲಿ, ಮುಂದೆ ನೋಡೋಣ’ ಎಂದುಕೊಂಡು ಅದನ್ನು ಆ್ಯಪ್ ಮಾಡಿ ಹೊರಗೆ ಬಿಡಲು ಹೊರಟೆ.

ಅಲ್ಲಿ ಒಂದು ನಿಯಮ ಎದುರಾಯಿತು. 2023ರ ನವೆಂಬರ್ ಮಧ್ಯದ ನಂತರ ಗೂಗಲ್ ಪ್ಲೇಯಲ್ಲಿ ವೈಯಕ್ತಿಕ ಖಾತೆ ತೆರೆದವರು, ಆ್ಯಪ್ ಪ್ರಕಟಿಸುವ ಮೊದಲು ಕನಿಷ್ಠ 20 ಜನರಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕಿತ್ತು. ಒಂದು ವರ್ಷದ ಬಳಿಕ ಅದನ್ನು 12ಕ್ಕೆ ಇಳಿಸಿದರು. ನನ್ನ ಪಾಲಿಗೆ ಬಂದದ್ದು ಇಪ್ಪತ್ತು. ಕೋಲ್ಕತ್ತದಲ್ಲಿ ಇಪ್ಪತ್ತು ಜನ ಕನ್ನಡಿಗರನ್ನು ಎಲ್ಲಿಂದ ತರುವುದು? ಲೇಕ್ ಮಾರ್ಕೆಟ್‌ನಲ್ಲಿ ಕಾಫಿಪುಡಿ ಕೊಳ್ಳುವಾಗ ಪರಿಚಯವಾದವರು, ರಾಜ್ಯೋತ್ಸವದ ದಿನ ಸಿಕ್ಕವರು, ಬ್ಯಾಂಕಿನವರು, ರೈಲ್ವೆಯವರು ಎಂದು ಹತ್ತೊಂಬತ್ತಕ್ಕೆ ಬಂದು ನಿಂತಿತು. ಇಪ್ಪತ್ತನೆಯವರಾಗಿ ಸಿಕ್ಕವರು ಗೊಡಿಯಾದಲ್ಲಿ ಮಗನ ಮನೆಯಲ್ಲಿರುವ ಎಪ್ಪತ್ತೊಂದು ವರ್ಷದ ಒಬ್ಬ ಅಜ್ಜಿ. ಮಗನ ಹಳೆಯ ಫೋನು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ‘ಸಂಖ್ಯೆ ಭರ್ತಿಯಾದರೆ ಸಾಕು’ ಎಂದುಕೊಂಡು ಸೇರಿಸಿದೆ.

ಹದಿನಾಲ್ಕು ದಿನ ಕಳೆಯಿತು. ‘ಹೇಗಿದೆ, ಹೇಳಿ’ ಎಂದು ಎಲ್ಲರನ್ನೂ ಕೇಳಿದೆ. ಹದಿನೆಂಟು ಜನ ‘ಸೂಪರ್’ ಎಂದರು. ಕೆಲವರು ಬೆರಳೆತ್ತಿದ ಚಿತ್ರ ಕಳಿಸಿದರು. ಒಬ್ಬರು ಉತ್ತರಿಸಲೇ ಇಲ್ಲ. ಅಜ್ಜಿ ಫೋನ್ ಮಾಡಿದರು.

‘ನೋಡಪ್ಪಾ, ನಮ್ಮ ಏರಿಯಾನೇ ನಿನ್ನ ಆ್ಯಪ್‌ನಲ್ಲಿ ಇಲ್ಲ.’

ಗೊಡಿಯಾ ಎಂದು ಬರೆಯುವಾಗ ಬಂಗಾಳಿಯಲ್ಲಿ ಕೆಳಗೆ ಚುಕ್ಕೆಯಿರುವ ಎರಡು ಅಕ್ಷರ ಬರುತ್ತವೆ. ಅವು 768ರ ಲೆಕ್ಕಕ್ಕೆ ಸಿಗುವುದಿಲ್ಲ. ಚುಕ್ಕೆಯ ‘ಯ’ಕ್ಕೆ 768 ಕೂಡಿಸಿದರೆ 3295 ಬರುತ್ತದೆ, ಆ ಸಂಖ್ಯೆಗೆ ಕನ್ನಡದಲ್ಲಿ ಅಕ್ಷರವೇ ಇಲ್ಲ. ಹಾಗಾಗಿ ಅವರ ಬಡಾವಣೆಯ ಹೆಸರಿನಲ್ಲಿ ಒಂದು ‘ಗ’ ಮತ್ತು ಎರಡು ಖಾಲಿ ಚೌಕ ಕಾಣುತ್ತಿತ್ತು. ಆ ಚುಕ್ಕೆಯ ‘ಯ’ ಎಷ್ಟು ಕಡೆ ಬರುತ್ತದೆ ಗೊತ್ತೆ? ‘ವಿಶ್ವವಿದ್ಯಾಲಯ’ದ ಕೊನೆಯಲ್ಲಿ. ಔಷಧಿ ಅಂಗಡಿಯವರು ಚೀಟಿಯ ಮೇಲೆ ಬರೆಯುವ ‘ಊಟಕ್ಕೆ ಮೊದಲು’, ‘ಊಟದ ನಂತರ’ ಎಂಬ ಮಾತಿನಲ್ಲಿ. ಹದಿನೆಂಟು ಜನ ಸೂಪರ್ ಎಂದ ಆ್ಯಪ್‌ನಲ್ಲಿ ಇದ್ದ ತೂತು ಇಷ್ಟು ದೊಡ್ಡದು.

ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಸ್ಕೇಲು ಇಟ್ಟು ಮೂರು ಕಾಲಂ ಎಳೆದಿದ್ದರು. ಮೊದಲನೆಯದರಲ್ಲಿ ಬೋರ್ಡಿನಲ್ಲಿ ಕಂಡದ್ದು, ಎರಡನೆಯದರಲ್ಲಿ ಆ್ಯಪ್ ತೋರಿಸಿದ್ದು, ಮೂರನೆಯದರಲ್ಲಿ ಮನೆಗೆಲಸಕ್ಕೆ ಬರುವಾಕೆ ಅದನ್ನು ಹೇಳುವ ರೀತಿ. ಅರವತ್ತಮೂರು ಪದ. ಆ್ಯಪ್ ‘ಯೋಧಪುರ ಪಾರ್ಕ’ ಎಂದರೆ ಆಕೆ ‘ಜೋಧ್‌ಪುರ್ ಪಾರ್ಕ್’. ಆ್ಯಪ್ ‘ಸ್ಬಾಮೀ’ ಎಂದರೆ ಆಕೆ ‘ಶಾಮಿ’. ಆ್ಯಪ್ ‘ಲಕ್ಷ್ಮೀ’ ಎಂದರೆ ಆಕೆ ‘ಲೊಕ್ಖಿ’. ಆ್ಯಪ್ ‘ಪದ್ಮಾ’ ಎಂದರೆ ಆಕೆ ‘ಪದ್ದಾ’. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಷರಾ: ‘ಅಕ್ಷರ ಸರಿ. ಮಾತು ತಪ್ಪು. ಇನ್ನೊಮ್ಮೆ ಮಾಡು.’

ಆ ಅರವತ್ತಮೂರು ಪದಗಳಿಂದ ನಾನು ಹನ್ನೊಂದು ನಿಯಮ ಮಾಡಿಕೊಂಡೆ. ಚುಕ್ಕೆಯಿಲ್ಲದ ‘ಯ’ ಇದ್ದರೆ ‘ಜ’. ಪದದ ಕೊನೆಯ ‘ಅ’ಕಾರ ಬಹಳ ಕಡೆ ಬಿದ್ದುಹೋಗುತ್ತದೆ. ‘ಕ್ಷ’ ಬಂದರೆ ‘ಕ್ಖ’. ಒತ್ತಕ್ಷರವಾಗಿ ಬಂದ ‘ವ’ ಮೇಲಿನದನ್ನು ದ್ವಿತ್ವ ಮಾಡಿ ತಾನು ಮಾಯವಾಗುತ್ತದೆ. ಪದದ ಮೊದಲಲ್ಲಾದರೆ ಸುಮ್ಮನೆ ಮಾಯ. ನಲವತ್ತು ಸಾಲಿನ ಕೋಡ್ ನಾನೂರಾಯಿತು. ಆಗ ಅದು ಮೊದಲ ಬಾರಿಗೆ ನಿಲ್ದಾಣದ ಫಲಕವನ್ನು ‘ಜಾದೊಬ್‌ಪುರ್’ ಎಂದು ಓದಿತು.

ತಂತ್ರಾಂಶ ಬರೆಯುವ ಕೆಲಸದಲ್ಲಿ ಹದಿನೈದು ವರ್ಷದಿಂದ ಇದ್ದೇನೆ. ಆಫೀಸಿನಲ್ಲಿ ಬಳಕೆದಾರರ ಅಭಿಪ್ರಾಯ ಸಂಗ್ರಹಿಸಲು ಒಂದು ತಂಡವೇ ಇದೆ, ಅವರಿಗೆ ಸಂಬಳವಿದೆ. ಆದರೆ ‘ಏನು ಕಂಡೆ, ಏನು ಕಾಣಬೇಕಿತ್ತು’ ಎಂಬ ಎರಡು ಕಾಲಂ ಇಷ್ಟು ಶುಚಿಯಾಗಿ ತುಂಬಿದವರನ್ನು ನಾನು ಅಲ್ಲಿ ಕಂಡದ್ದು ಅಪರೂಪ.

*

ಆ್ಯಪ್ ಹೊರಬಂತು. ನಿಧಾನವಾಗಿ ಎರಡು ಸಾವಿರ ಚಿಲ್ಲರೆ ಜನ ಹಾಕಿಕೊಂಡರು. ಎಲ್ಲ ಉಚಿತ, ಜಾಹೀರಾತು ಇಲ್ಲ. ಆಮೇಲೆ ಬಂದವು ನಕ್ಷತ್ರಗಳು.

ಒಬ್ಬರು ಒಂದು ನಕ್ಷತ್ರ ಕೊಟ್ಟು ‘ವೇಸ್ಟ್’ ಎಂದು ಬರೆದರು. ಅಷ್ಟೇ. ಯಾವ ಫೋನು, ಯಾವ ಪದ, ಏನಾಯಿತು, ಒಂದೂ ಇಲ್ಲ. ಇನ್ನೊಬ್ಬರು ‘ತಮಿಳು ಯಾಕಿಲ್ಲ?’ ಎಂದು ಎರಡು ನಕ್ಷತ್ರ ಕೊಟ್ಟರು. ರಾತ್ರಿ ಹನ್ನೊಂದಕ್ಕೆ ಮಗಳನ್ನು ಮಲಗಿಸಿ ಇವನ್ನು ಓದುತ್ತಾ ಕೂರುತ್ತಿದ್ದೆ. ಐದು ನಕ್ಷತ್ರದ ಹತ್ತು ಮಾತು ಮರೆತುಹೋಗುತ್ತದೆ, ಒಂದು ನಕ್ಷತ್ರದ ‘ವೇಸ್ಟ್’ ಮರುದಿನ ಮೆಟ್ರೊದಲ್ಲೂ ಜೊತೆಗಿರುತ್ತದೆ.

ಉಚಿತವಾಗಿ ಕೊಟ್ಟವನ ಮೇಲೆ ಬೀಳುವ ಒತ್ತಡ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶ ಕಡತಗಳನ್ನು ಕುಗ್ಗಿಸುವ ಕೆಲಸ ಮಾಡುತ್ತದೆ. ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಇರುತ್ತದೆ. ಅದನ್ನು ಫಿನ್ಲೆಂಡಿನ ಲಾಸ್ಸೆ ಕಾಲಿನ್ ಎಂಬವರು ಸಂಬಳವಿಲ್ಲದೆ, ಬಿಡುವಿನಲ್ಲಿ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ‘ಜಿಗರ್ ಕುಮಾರ್’ ಮೊದಲಾದ ಹೆಸರಿನವರು ಅವರಿಗೆ ಪದೇ ಪದೇ ಬರೆಯತೊಡಗಿದರು: ಕೆಲಸ ನಿಧಾನ, ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ ಎಂದು. ಕಾಲಿನ್ ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲವೆಂದೂ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂದೂ ಹೇಳಿಕೊಂಡರು. ಆ ಹೊತ್ತಿಗೆ ನೆರವಿನ ಕೈ ಚಾಚಿದ್ದ ‘ಜಿಯಾ ಟಾನ್’ ಎಂಬ ಹೆಸರಿನವರು ಜೊತೆ ನಿರ್ವಾಹಕರಾದರು. 2024ರ ಆರಂಭದಲ್ಲಿ ಅದೇ ಜಿಯಾ ಟಾನ್ ಕೈಯಿಂದ ತಂತ್ರಾಂಶದೊಳಗೆ ಒಂದು ಕಳ್ಳಬಾಗಿಲು ಸೇರಿತು. ದೂರು ಬರೆದ ಹೆಸರುಗಳೆಲ್ಲ ಆ ಸಂಚಿನ ಭಾಗವಾಗಿದ್ದ ಸುಳ್ಳು ಹೆಸರುಗಳು ಎಂಬ ಶಂಕೆ ಇಂದಿಗೂ ಬಲವಾಗಿದೆ.

ಅದನ್ನು ಹಿಡಿದದ್ದೂ ಒಬ್ಬ ಬಳಕೆದಾರನೇ. ಮೈಕ್ರೋಸಾಫ್ಟ್‌ನ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ತನ್ನ ಯಂತ್ರಕ್ಕೆ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುವುದನ್ನು ಗಮನಿಸಿದರು, ಕಾರಣ ಹುಡುಕುತ್ತಾ ಹೋದರು, 2024ರ ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದರು. ದಣಿದ ಮನುಷ್ಯನನ್ನು ಇನ್ನಷ್ಟು ಬಳಲಿಸಿದ ಅಭಿಪ್ರಾಯವೂ ಆ ಕಥೆಯಲ್ಲಿದೆ, ಅರ್ಧ ಸೆಕೆಂಡನ್ನು ಕಡೆಗಣಿಸದ ಅಭಿಪ್ರಾಯವೂ ಇದೆ. ಎರಡನೆಯದು ಗೊಡಿಯಾದ ಅಜ್ಜಿಯ ಜಾತಿ.

*

ಇನ್ನು ದುಡ್ಡಿನ ಮಾತು. ನಮ್ಮಲ್ಲಿ ಇದನ್ನು ಎತ್ತಲು ಸಂಕೋಚ, ಆದರೂ ಲೆಕ್ಕ ಹೇಳುತ್ತೇನೆ. ಖಾತೆ ತೆರೆಯಲು ಒಂದು ಸಲಕ್ಕೆ 25 ಡಾಲರ್. ಆ್ಯಪಲ್‌ನಲ್ಲಿ ವರ್ಷಕ್ಕೆ 99 ಡಾಲರ್, ಆದ್ದರಿಂದ ಐಫೋನಿನವರಿಗೆ ಕೈಮುಗಿದೆ. ಹಳೆಯ ಫೋನುಗಳಲ್ಲಿ ಪರೀಕ್ಷಿಸಲು ಒಂದು ಸೆಕೆಂಡ್ ಹ್ಯಾಂಡ್ ಫೋನು. ಜಾಲತಾಣದ ಹೆಸರು, ಸಣ್ಣ ಸರ್ವರ್ ಸೇರಿ ವರ್ಷಕ್ಕೆ ನಾಲ್ಕು ಸಾವಿರದ ಆಸುಪಾಸು. ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿದರೆ ಹೆಂಡತಿ ಬಡ್ಡಿಯನ್ನೂ ಸೇರಿಸುತ್ತಾಳೆ.

‘ಒಂದು ಲೋಟ ಚಹಾ ಕುಡಿಸಿ’ ಎಂದು ಜಾಲತಾಣದಲ್ಲಿ ಯುಪಿಐ ವಿಳಾಸ ಹಾಕಿದೆ. ಮೊದಲ ವರ್ಷ ಹನ್ನೊಂದು ಜನ ಸೇರಿ 1,870 ರೂಪಾಯಿ ಕಳಿಸಿದರು. ಅದರಲ್ಲಿ ಐನೂರು ಕಳಿಸಿದವರೊಬ್ಬರು, ಒಡಿಯಾ ಲಿಪಿ ಸೇರಿಸುವುದು ಯಾವಾಗ ಎಂದು ವಾರಕ್ಕೆರಡು ಸಲ ವಿಚಾರಿಸತೊಡಗಿದರು. ಮೂರನೆಯ ವಾರ ನಾನು ಅವರ ಐನೂರನ್ನು ವಾಪಸು ಕಳಿಸಿ ನಿರಾಳನಾದೆ. ಕೊಟ್ಟ ದುಡ್ಡಿಗೆ ಹಗ್ಗ ಕಟ್ಟಿದ್ದರೆ ಅದು ಯಾರ ಕೊರಳಿಗೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ದೊಡ್ಡ ಹಗ್ಗ ಆಮೇಲೆ ಬಂತು. ಒಂದು ಕಂಪನಿಯವರು ಬರೆದರು: ನಮ್ಮದೊಂದು ಚಿಕ್ಕ ತುಣುಕು ಕೋಡ್ ನಿಮ್ಮ ಆ್ಯಪ್‌ನಲ್ಲಿ ಸೇರಿಸಿ, ಬಳಕೆದಾರರ ಸಂಖ್ಯೆಗೆ ತಕ್ಕಂತೆ ಪ್ರತಿ ತಿಂಗಳು ಹಣ. ಆ ತುಣುಕು ಏನು ಮಾಡುತ್ತದೆ ಎಂದು ಕೆದಕಿದರೆ, ಫೋನು ಎಲ್ಲಿದೆ ಎಂಬುದನ್ನು ಆಗಾಗ ಅವರಿಗೆ ತಿಳಿಸುತ್ತದೆ. ಬಂದ ಹಣದಿಂದ ವರ್ಷದ ಖರ್ಚೆಲ್ಲ ಕಳೆದು ಮಗಳಿಗೆ ಒಂದು ಸೈಕಲ್ ಬರುತ್ತಿತ್ತು. ಸುಳ್ಳೇಕೆ, ಎರಡು ದಿನ ಯೋಚಿಸಿದೆ. ಗೊಡಿಯಾದಿಂದ ಅಜ್ಜಿ ಯಾವ ಹೊತ್ತಿಗೆ ಯಾವ ಔಷಧಿ ಅಂಗಡಿಗೆ ಹೋದರು ಎಂಬುದನ್ನು ಯಾರಿಗೋ ಮಾರಿ ಅವರ ನೋಟ್‌ಬುಕ್ಕನ್ನು ಮತ್ತೆ ಹೇಗೆ ಕೇಳಲಿ? ‘ಬೇಡ’ ಎಂದು ಒಂದು ಸಾಲು ಬರೆದೆ. ಇದನ್ನು ಹೇಳುವುದು ದೊಡ್ಡಸ್ತಿಕೆಗಲ್ಲ. ನನಗೆ ತಿಂಗಳ ಸಂಬಳವಿದೆ, ಬೇಡ ಎನ್ನುವುದು ಸುಲಭ. ಇದನ್ನೇ ನಂಬಿ ಕೂತವರು ಏನು ಮಾಡಬೇಕು?

ನಾನು ದಿನಾ ದಾಟಿಹೋಗುವ ಜಾದವ್‌ಪುರ ವಿಶ್ವವಿದ್ಯಾಲಯಕ್ಕೆ ಗಣಕದ ಇತಿಹಾಸದಲ್ಲಿ ಒಂದು ಜಾಗವಿದೆ. 1966ರಲ್ಲಿ ಈ ವಿಶ್ವವಿದ್ಯಾಲಯ ಮತ್ತು ಭಾರತೀಯ ಸಾಂಖ್ಯಿಕ ಸಂಸ್ಥೆ ಸೇರಿ ಟ್ರಾನ್ಸಿಸ್ಟರ್ ಬಳಸಿದ ಒಂದು ಕಂಪ್ಯೂಟರನ್ನು ಇಲ್ಲೇ ಕಟ್ಟಿದವು. ಎರಡೂ ಸಂಸ್ಥೆಗಳ ಹೆಸರು ಕೂಡಿಸಿ ಅದಕ್ಕೆ ಐಸಿಜು ಎಂದು ಕರೆದರು. ಆಗ ಒಂದು ಯಂತ್ರಕ್ಕೆ ಎರಡು ಸಂಸ್ಥೆಗಳ ಬಲ ಬೇಕಿತ್ತು. ಇದೇ ವಿಶ್ವವಿದ್ಯಾಲಯದವರು ರವೀಂದ್ರನಾಥ ಟಾಗೋರರ ಕೈಬರಹ ಮತ್ತು ಮುದ್ರಿತ ಪಾಠಗಳನ್ನೆಲ್ಲ ಒಂದೆಡೆ ಇಟ್ಟು ಹೋಲಿಸಿ ನೋಡುವ ‘ಬಿಚಿತ್ರ’ ಜಾಲತಾಣವನ್ನು 2013ರಲ್ಲಿ ಹೊರತಂದದ್ದೂ ಕೇಂದ್ರ ಸಂಸ್ಕೃತಿ ಸಚಿವಾಲಯದ ನೆರವಿನಿಂದ. ಅಂಥ ಕೆಲಸಕ್ಕೆ ಅನುದಾನ ಬೇಕು, ಸಿಗಲೂ ಬೇಕು. ಆದರೆ ಒಬ್ಬನೇ ಕೂತು ಬರೆದ ನಾನೂರು ಸಾಲಿಗೆ ಯಾವ ಸಚಿವಾಲಯದ ಅರ್ಜಿ ನಮೂನೆಯೂ ಹೊಂದುವುದಿಲ್ಲ.

ಇದು ಹೊಸ ಸಮಸ್ಯೆಯೇನಲ್ಲ. ನಮ್ಮ ಕನ್ನಡದ್ದೇ ನೋಡಿ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ವನ್ನು ಹೊರತಂದರು. ಇಂಗ್ಲಿಷ್ ಕೀಲಿಮಣೆಯಲ್ಲಿ ಕನ್ನಡ ಟೈಪಿಸುವುದನ್ನು ಪರದೇಶದಲ್ಲಿದ್ದ ಎಷ್ಟೋ ಕನ್ನಡಿಗರು ಕಲಿತದ್ದು ಅದರಲ್ಲೇ. ವರ್ಷಗಟ್ಟಲೆ ಅದು ಉಚಿತವಾಗಿತ್ತು. ಇನ್ನೊಂದು ಕಡೆ, ಕೆ.ಪಿ. ರಾಯರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯನ್ನು ಸರ್ಕಾರ ಒಪ್ಪಿತು. ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು, ಅದೂ ಉಚಿತ. ಒಂದಕ್ಕೆ ಸರ್ಕಾರದ ಬೆನ್ನು, ಇನ್ನೊಂದಕ್ಕೆ ಮಾಡಿದವರ ಬೆನ್ನೇ ಆಸರೆ. ಕಡೆಗೊಂದು ದಿನ ‘ಬರಹ’ಕ್ಕೆ ಬೆಲೆ ಬಂತು.

ಆಗ ಗೊಣಗಿದವರಲ್ಲಿ ನಾನೂ ಒಬ್ಬ. ಎಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಕನ್ನಡ ಸಂಘದ ಕೈಬರಹದ ಪತ್ರಿಕೆಯನ್ನು ಮುದ್ರಿತ ಪತ್ರಿಕೆ ಮಾಡಿದ್ದೇ ನಾನು, ಮಾಡಿದ್ದು ‘ಬರಹ’ದಲ್ಲೇ. ಕೆಲಸಕ್ಕೆ ಸೇರಿ ಸಂಬಳ ಬರುವಾಗ ಅದಕ್ಕೆ ದುಡ್ಡು ಕೇಳಿದರು ಎಂದು ಗೆಳೆಯರೊಡನೆ ಕೂತು ‘ಕನ್ನಡಕ್ಕೂ ದುಡ್ಡಾ?’ ಎಂದೆ. ಕೈಯಲ್ಲಿದ್ದ ಕಾಫಿಗೆ ಎಷ್ಟು ಕೊಟ್ಟಿದ್ದೆ ಎಂಬುದು ಆಗ ಹೊಳೆಯಲಿಲ್ಲ. ಉಚಿತವಾಗಿ ಬಳಸಿದ ಅಷ್ಟೂ ವರ್ಷ ಅವರಿಗೆ ಒಂದು ಪತ್ರ ಬರೆದವನೂ ಅಲ್ಲ. ದುಡ್ಡೂ ಇಲ್ಲ, ಮಾತೂ ಇಲ್ಲ. ನನ್ನ ‘ವೇಸ್ಟ್’ ಗಿರಾಕಿ ಕನಿಷ್ಠ ಒಂದು ಪದವನ್ನಾದರೂ ಖರ್ಚು ಮಾಡಿದ.

ಬಂಗಾಳಿಯ ಕಥೆಯೂ ಹೀಗೇ ಎರಡು ಕವಲು. 1988ರಿಂದ ಮುಸ್ತಫಾ ಜಬ್ಬಾರ್ ಅವರ ‘ಬಿಜೊಯ್’ ಇತ್ತು, ದುಡ್ಡು ಕೊಟ್ಟು ಕೊಳ್ಳಬೇಕು. 2003ರಲ್ಲಿ ಬಾಂಗ್ಲಾದೇಶದ ಮೈಮೆನ್‌ಸಿಂಗ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ ಮೆಹದಿ ಹಸನ್ ಖಾನ್ ‘ಅಭ್ರೊ’ ಎಂಬ ಕೀಲಿಮಣೆಯನ್ನು ಉಚಿತವಾಗಿ ಬಿಟ್ಟರು. ನಮ್ಮ ಆಫೀಸಿನ ಬಂಗಾಳಿ ಗೆಳೆಯರು ಕಂಪ್ಯೂಟರಿನಲ್ಲಿ ಬಂಗಾಳಿ ಬರೆಯುವುದು ಇವತ್ತಿಗೂ ಅದರಲ್ಲೇ. 2010ರಲ್ಲಿ ಎರಡರ ನಡುವೆ ಕೀಲಿಗಳ ಜೋಡಣೆಯ ಕುರಿತು ದೊಡ್ಡ ಜಟಾಪಟಿ ಆಗಿ, ‘ಅಭ್ರೊ’ ಆ ಜೋಡಣೆಯನ್ನು ಕೈಬಿಟ್ಟಿತು. 2025ರಲ್ಲಿ ಬಾಂಗ್ಲಾದೇಶ ಸರ್ಕಾರ ಮೆಹದಿಯವರಿಗೆ ಏಕುಶೇ ಪದಕ ಘೋಷಿಸಿದಾಗ, ಒಬ್ಬನೇ ತೆಗೆದುಕೊಳ್ಳಲಾರೆ ಎಂದು ಜೊತೆಗೆ ದುಡಿದ ಮೂವರು ಗೆಳೆಯರನ್ನೂ ಸೇರಿಸಿಕೊಂಡರು. ಪದಕ ಬರಲು ಇಪ್ಪತ್ತೆರಡು ವರ್ಷ ಹಿಡಿಯಿತು. ಅಷ್ಟು ವರ್ಷ ಆ ಕೆಲಸ ನಿಲ್ಲದಂತೆ ಹಿಡಿದದ್ದು ಆ ನಾಲ್ವರ ಬಿಡುವಿನ ಹೊತ್ತು.

ಈಚೆಗೆ ಕೆಲವು ಬಾಗಿಲು ತೆರೆದಿವೆ ಎಂಬುದನ್ನೂ ಹೇಳಬೇಕು. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಕಟ್ಟಿದ್ದರು. 2019ರಲ್ಲಿ ಕೈಲಾಶ್ ನಾಧ್ ಅದನ್ನು ‘ಅಲರ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಗಿ ಜಾಲಕ್ಕೆ ತಂದರು. ಅವರು ತಂತ್ರಜ್ಞಾನದ ಮುಖ್ಯಸ್ಥರಾಗಿರುವ ಜೆರೋಧಾ 2024ರ ಅಕ್ಟೋಬರಿನಲ್ಲಿ ಮುಕ್ತ ತಂತ್ರಾಂಶಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ಘೋಷಿಸಿತು. ಒಂದೊಂದು ಯೋಜನೆಗೆ 10 ಸಾವಿರದಿಂದ 1 ಲಕ್ಷ ಡಾಲರ್. ಜಗತ್ತೆಲ್ಲ ಬಳಸುವ, ಎಕ್ಸ್‌ಝಡ್‌ನಂಥ ತಂತ್ರಾಂಶಗಳಿಗೆ ಇದು ದೊಡ್ಡ ಆಸರೆ. ನನ್ನಂಥವನ ಕಷ್ಟ ಬೇರೆ. ನನಗೆ ವರ್ಷಕ್ಕೆ ಬೇಕಾದದ್ದು ನಾಲ್ಕು ಸಾವಿರ ರೂಪಾಯಿ. ಅಷ್ಟು ಸಣ್ಣ ಮೊತ್ತ ಕೊಡುವ ನಿಧಿ ಇಲ್ಲ, ಇರಬೇಕಾಗಿಯೂ ಇಲ್ಲ. ಅದನ್ನು ಕೊಡಬೇಕಾದವರು ಬಳಸುವವರೇ.

*

ಈ ವರ್ಷ ಬೇಸಿಗೆಯಲ್ಲಿ ಆ್ಯಪ್ ನಿಲ್ಲಿಸಿಬಿಡೋಣ ಎನಿಸಿತು. ಪ್ರತಿ ವರ್ಷ ಹೊಸ ಆ್ಯಂಡ್ರಾಯ್ಡ್‌ಗೆ ತಕ್ಕಂತೆ ಆ್ಯಪನ್ನು ನವೀಕರಿಸಬೇಕು. ಇಲ್ಲವಾದರೆ ಹೊಸ ಫೋನು ಕೊಂಡವರಿಗೆ ಅದು ಅಂಗಡಿಯಲ್ಲಿ ಕಾಣುವುದಿಲ್ಲ. ಎರಡು ವಾರಾಂತ್ಯದ ಕೆಲಸ. ಆಫೀಸಿನಲ್ಲಿ ಬಿಡುವಿಲ್ಲ, ಮಗಳ ಶಾಲೆ, ಊರಲ್ಲಿ ಅಪ್ಪನಿಗೆ ಹುಷಾರಿಲ್ಲ. ‘ಇಷ್ಟು ದಿನ ಬಳಸಿದ್ದಕ್ಕೆ ಧನ್ಯವಾದ’ ಎಂಬ ವಿದಾಯದ ಸೂಚನೆ ಬರೆದಿಟ್ಟೆ. ಹಾಕುವ ಮೊದಲು ಅಜ್ಜಿಗೆ ಹೇಳುವುದು ಮರ್ಯಾದೆ ಎನಿಸಿ ಗೊಡಿಯಾಕ್ಕೆ ಹೋದೆ.

ಅವರು ಪೂರ್ತಿ ಕೇಳಿಸಿಕೊಂಡರು. ‘ವರ್ಷಕ್ಕೆ ಎಷ್ಟು ಖರ್ಚು?’ ಎಂದರು. ಹೇಳಿದೆ. ‘ಎಷ್ಟು ಜನ ಬಳಸ್ತಾರೆ?’ ಹೇಳಿದೆ. ಟೀಚರ್ ಅಲ್ಲವೇ, ಬಾಯಲ್ಲೇ ಭಾಗಿಸಿದರು. ‘ತಲೆಗೆ ಎರಡು ರೂಪಾಯಿ ಬೀಳಲ್ವಲ್ಲೋ! ನೀನು ಇದನ್ನ ಯಾರಿಗಾದರೂ ಹೇಳಿದ್ಯಾ?’

ನಾನು ಹೇಳಿರಲಿಲ್ಲ. ‘ಚಹಾ ಕುಡಿಸಿ’ ಎಂದಿದ್ದೆ, ಖರ್ಚು ಎಷ್ಟೆಂದು ಎಲ್ಲೂ ಬರೆದಿರಲಿಲ್ಲ. ಬಳಸುವವರು ತಮಗೆ ಏನು ಬೇಕೆಂದು ಸರಿಯಾಗಿ ಹೇಳುವುದಿಲ್ಲ ಎಂದು ಎರಡು ವರ್ಷ ಗೊಣಗಿದವನು ನಾನು. ನನಗೆ ಏನು ಬೇಕೆಂದು ನಾನೂ ಹೇಳಿರಲಿಲ್ಲ. ದೇಣಿಗೆ ಕೇಳುವಾಗ ಜೋಕು ಮಾಡಿ ತಪ್ಪಿಸಿಕೊಂಡಿದ್ದೆ.

ಅಜ್ಜಿ ಒಳಗೆ ಹೋಗಿ ನೋಟ್‌ಬುಕ್ಕು ತಂದರು. ಅದರ ನಡುವೆ ಐವತ್ತರ ಒಂದು ನೋಟು. ‘ಯುಪಿಐ ಎಲ್ಲ ನನಗೆ ಬರಲ್ಲ. ಈ ವರ್ಷದ್ದು ತಗೋ’ ಎಂದರು. ಬೇಡ ಎಂದೆ. ‘ಸುಮ್ನೆ ತಗೋ, ಹಾಲಿನವನಿಗೂ ಕೊಡ್ತೀನಿ’ ಎಂದರು.

ವಿದಾಯದ ಸೂಚನೆ ಅಲ್ಲಿಗೇ ಉಳಿಯಿತು. ಬದಲಿಗೆ ಮೂರು ಕೆಲಸ ಮಾಡಿದೆ. ಒಂದು, ಆ್ಯಪ್‌ನೊಳಗೆ ಒಂದು ಪುಟದಲ್ಲಿ ವರ್ಷದ ಖರ್ಚು, ಬಂದ ಹಣ ಎರಡನ್ನೂ ರೂಪಾಯಿ ಲೆಕ್ಕದಲ್ಲಿ ಬರೆದೆ. ಎರಡು, ಆ್ಯಪ್ ಉಚಿತವಾಗಿಯೇ ಉಳಿಸಿ, ಬೇಕಾದವರು ಒಂದು ಸಲ 99 ರೂಪಾಯಿ ಕೊಡಬಹುದು ಎಂದು ಮಾಡಿದೆ. ಕೊಟ್ಟವರಿಗೆ ಹೆಚ್ಚಿನದೇನೂ ಇಲ್ಲ, ಕೊಡದವರಿಗೆ ಕಡಿಮೆಯೂ ಇಲ್ಲ. ಮೂರು, ಇಡೀ ಕೋಡ್ ಮತ್ತು ಆ ನಿಯಮಗಳ ಪಟ್ಟಿಯನ್ನು ಮುಕ್ತವಾಗಿ ಹಂಚಿದೆ. ನಾಳೆ ನನಗೆ ಆಗದಿದ್ದರೆ ಬೇರೆ ಯಾರಾದರೂ ಎತ್ತಿಕೊಳ್ಳಲಿ. ದೂರು ಬರೆಯುವ ಜಾಗದಲ್ಲಿ ಅಜ್ಜಿಯ ಮೂರು ಕಾಲಮ್ಮುಗಳನ್ನೇ ಹಾಕಿದೆ: ಕಂಡದ್ದು, ತೋರಿಸಿದ್ದು, ಜನ ಹೇಳುವುದು.

ಎರಡು ತಿಂಗಳಲ್ಲಿ ನಲವತ್ತೊಂದು ಜನ 99 ರೂಪಾಯಿ ಕೊಟ್ಟರು. ಅಂಗಡಿಯ ಪಾಲು ನೂರಕ್ಕೆ ಹದಿನೈದು ಕಳೆದರೆ ಸುಮಾರು 3,450. ಅಜ್ಜಿಯ ಐವತ್ತು ಸೇರಿ ಮೂರೂವರೆ ಸಾವಿರ. ವರ್ಷದ ಖರ್ಚಿಗೆ ಹೆಚ್ಚುಕಡಿಮೆ ಸರಿ. ಭಾನುವಾರಗಳು ಈಗಲೂ ನನ್ನ ಕಿಸೆಯಿಂದಲೇ ಹೋಗುತ್ತವೆ. ಇದರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ, ಆ ಭ್ರಮೆ ನನಗಿಲ್ಲ. ಆದರೆ ಕಾಲಮ್ಮು ತುಂಬಿ ಕಳಿಸಿದವರ ಪಟ್ಟಿ ಮತ್ತು 99 ಕೊಟ್ಟವರ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ವಿಷಯ ಕಂಡಿತು. ಪದ ತಿದ್ದಿ ಕಳಿಸಿದ ಹದಿನೇಳು ಜನರಲ್ಲಿ ಹನ್ನೆರಡು ಜನ ದುಡ್ಡನ್ನೂ ಕೊಟ್ಟಿದ್ದರು. ಕಷ್ಟಪಟ್ಟು ತಿದ್ದಿದವರಿಗೆ ಅದು ತಮ್ಮದೂ ಅನ್ನಿಸಿರಬೇಕು.

ನಿಮ್ಮ ಫೋನಿನಲ್ಲೂ ಹೀಗೆ ಒಬ್ಬರೇ ಕೂತು ಬರೆದದ್ದು ಒಂದೆರಡು ಇದ್ದೇ ಇರುತ್ತವೆ. ಕನ್ನಡ ಕೀಲಿಮಣೆಯೋ, ಪಂಚಾಂಗವೋ, ಹಳೆಯ ನುಡಿ ಕಡತವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವೋ. ಈ ವಾರ ಒಂದನ್ನು ಆರಿಸಿಕೊಳ್ಳಿ. ಎಲ್ಲಿ ತಪ್ಪುತ್ತದೆ ಎಂದು ಮೂರು ಸಾಲು ಬರೆಯಿರಿ, ಸಾಧ್ಯವಾದರೆ ಒಂದು ಕಾಫಿಯ ದುಡ್ಡು ಕಳಿಸಿ. ‘ಸೂಪರ್’ ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ, ಅದನ್ನು ಹದಿನೆಂಟು ಜನ ಆಗಲೇ ಹೇಳಿದ್ದಾರೆ.

ಮೊನ್ನೆ ಅಜ್ಜಿ ಮತ್ತೆ ಫೋನ್ ಮಾಡಿದ್ದರು. ನೋಟ್‌ಬುಕ್ಕಿನಲ್ಲಿ ಪದಗಳು ನೂರನ್ನು ದಾಟಿವೆಯಂತೆ. ‘ಎರಡು ಇನ್ನೂ ತಪ್ಪೇ ಬರ್ತಿವೆ, ಭಾನುವಾರ ಬಾ’ ಎಂದರು. ಹೋಗಬೇಕು.